ಹಿಡುವಳಿಗೆ ತಕ್ಕ ಟ್ರಾಕ್ಟರು

ಉಳುವ ಯಂತ್ರವು ಹಿರಿದಾದಷ್ಟೂ ಉಳುಮೆಯೂ ಉತ್ತಮವಾಗುವುದೆಂಬ ನಂಬಿಕೆಯು ಟ್ರಾಕ್ಟರಿನಷ್ಟೇ ಪ್ರಾಚೀನವಾದುದು. ಅಮೆರಿಕದ ವಿಶಾಲ ಬಯಲುಗಳನ್ನು ಮೊದಮೊದಲು ಉತ್ತ ಉಗಿಯಂತ್ರಗಳು ಎಷ್ಟು ಭಾರವಾಗಿದ್ದುವೆಂದರೆ, ತಮ್ಮ ಶಕ್ತಿಯ ಬಹುಭಾಗವನ್ನು ತಮ್ಮ ಒಡಲನ್ನು ಎಳೆದೊಯ್ಯುವುದರಲ್ಲಿಯೇ ವ್ಯಯಮಾಡುತ್ತಿದ್ದುವು. 1917ರಲ್ಲಿ ಹೆನ್ರಿ ಫೋರ್ಡನು ಫೋರ್ಡ್‌ಸನ್ ಟ್ರಾಕ್ಟರನ್ನು ಹೊರತಂದಾಗ, ಸುಮಾರು 20 ಅಶ್ವಶಕ್ತಿಯ ಆ ಯಂತ್ರವು ಸಾಧಾರಣ ರೈತನ ಕೈಗೂ ಎಟುಕುವಂತಾಯಿತು. ಆದರೆ ಅದರಲ್ಲೊಂದು ಘೋರವಾದ ದೋಷವಿದ್ದಿತು: ಹಿಂದೆ ಕಟ್ಟಿದ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಮುಂದಿನ ಗಾಲಿಗಳು ಮೇಲೆದ್ದು, ಯಂತ್ರವು ಚಾಲಕನ ಮೇಲೆಯೇ ಮಗುಚಿ ಬೀಳುತ್ತಿದ್ದಿತು, ಹೀಗೆ ಪ್ರಾಣ ನೀಗಿದ ರೈತರು ಒಬ್ಬಿಬ್ಬರಲ್ಲ.

ಅದೇ 1917ರಲ್ಲಿ, ಮಹಾಯುದ್ಧದ ಆಹಾರಾಭಾವದ ನಡುವೆ, ಐರ್ಲೆಂಡಿನ ಹೊಲಗಳಲ್ಲಿ ದುಡಿಯುತ್ತಿದ್ದ ಟ್ರಾಕ್ಟರುಗಳನ್ನು ಪರೀಕ್ಷಿಸುವ ಹೊಣೆಯನ್ನು ಅಲ್ಲಿನ ಕೃಷಿ ಮಂಡಳಿಯು ಹ್ಯಾರಿ ಫರ್ಗ್ಯುಸನ್ ಎಂಬಾತನಿಗೆ ವಹಿಸಿತು. ಡೌನ್ ಪ್ರಾಂತದ ರೈತನ ಮಗನಾದ ಆತನು ಹೊಲದಿಂದ ಹೊಲಕ್ಕೆ ತಿರುಗಿ ಕಂಡುಕೊಂಡ ಸತ್ಯವು ಸರಳವಾದರೂ ಅದ್ಭುತವಾದುದು. ಗಾಲಿಗೆ ಹಿಡಿತ ಬೇಕೆಂದು ಇತರರು ಯಂತ್ರದ ಮೇಲೆ ಕಬ್ಬಿಣವನ್ನು ಹೇರುತ್ತಿರಲು, ಆ ಭಾರವನ್ನು ನೇಗಿಲಿಗೆ ಎದುರು ನಿಲ್ಲುವ ಮಣ್ಣಿನಿಂದಲೇ ಏಕೆ ಪಡೆಯಬಾರದೆಂದು ಆತನು ಯೋಚಿಸಿದನು. ಕೆಳಗೆರಡು, ಮೇಲೊಂದು, ಹೀಗೆ ಮೂರು ಕಡೆ ನೇಗಿಲನ್ನು ಟ್ರಾಕ್ಟರಿಗೆ ಬಂಧಿಸಿದಲ್ಲಿ, ಮಣ್ಣಿನ ಪ್ರತಿರೋಧವೇ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುವುದಲ್ಲದೆ, ನೇಗಿಲು ಕಲ್ಲಿಗೆ ತಾಗಿದಾಗ ಮೇಲಿನ ಕೊಂಡಿಯು ಯಂತ್ರದ ಮುಂಭಾಗವನ್ನು ಕೆಳಕ್ಕೆ ಅದುಮಿ ಹಿಡಿಯುವುದು. ಎರಡು ದಶಕಗಳಷ್ಟು ಕಾಲ ಈ ಒಂದೇ ಯೋಚನೆಯನ್ನು ತಿದ್ದಿ ತೀಡಿದ ಆತನ ಛಲವನ್ನು ನೆನೆದಾಗ ನನಗೆ ಇಂದಿಗೂ ಗೌರವವುಂಟಾಗುತ್ತದೆ. 1938ರಲ್ಲಿ ಫೋರ್ಡನೊಡನೆ ಕೈಕುಲುಕಿ ಮಾಡಿಕೊಂಡ ಬಾಯಿಮಾತಿನ ಒಪ್ಪಂದದ ಫಲವಾಗಿ, ಮರುವರ್ಷ ಬಂದ 9ಎನ್ ಟ್ರಾಕ್ಟರು ಒಂದು ಟನ್ನಿನ ಆಸುಪಾಸಿನಲ್ಲಿ ತೂಗುತ್ತಿದ್ದರೂ ಎರಡು ನೇಗಿಲುಗಳನ್ನು ಲೀಲೆಯಿಂದ ಎಳೆಯಿತು. ಒಪ್ಪಂದವು ಮುರಿದು ನ್ಯಾಯಾಲಯವನ್ನೇರಿದುದು ಬೇರೆ ಕಥೆ. 1946ರಿಂದ ಹತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಫರ್ಗ್ಯುಸನ್ನನ ಟಿಇ20 ಮಾದರಿಯ ಟ್ರಾಕ್ಟರುಗಳು 5 ಲಕ್ಷಕ್ಕೂ ಮಿಕ್ಕಿ ಸಿದ್ಧವಾದುವು.

1947ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯು ಇನ್ನೂ ಕುದುರೆ, ಹೇಸರಗತ್ತೆಗಳನ್ನೇ ನೆಚ್ಚಿದ್ದ ಸಣ್ಣ ರೈತನಿಗಾಗಿ ಸುಮಾರು 10 ಅಶ್ವಶಕ್ತಿಯ ಫಾರ್ಮಾಲ್ ಕಬ್ ಎಂಬ ಟ್ರಾಕ್ಟರನ್ನು ನಿರ್ಮಿಸಿತು. ಚಾಲಕನಿಗೆ ತನ್ನ ಮುಂದಿನ ಪೈರಿನ ಸಾಲು ನೇರವಾಗಿ ಕಾಣಲೆಂದು ಅದರ ಎಂಜಿನ್ನನ್ನು ಒಂದು ಮಗ್ಗುಲಿಗೆ ಸರಿಸಿದ್ದರು. ಅಶ್ವಶಕ್ತಿಯ ಅಂಕಿಯನ್ನಲ್ಲದೆ ಹೊಲದ ಸಾಲನ್ನೂ ನೋಡಿ ಯಂತ್ರವನ್ನು ರಚಿಸಿದ ಆ ವಿವೇಕವು ಶ್ಲಾಘ್ಯವಾದುದು.

ನಮ್ಮ ದೇಶದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿಎಸ್‌ಟಿ ಕಂಪನಿಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರುಗಳನ್ನೂ, ಕಾಲಾಂತರದಲ್ಲಿ 20ಕ್ಕೂ ಕಡಮೆ ಅಶ್ವಶಕ್ತಿಯ ಟ್ರಾಕ್ಟರುಗಳನ್ನೂ ತಯಾರಿಸಿತು. ದುರ್ಗಾಪುರದ ಸಂಶೋಧನಾಲಯದಲ್ಲಿ ರೂಪುಗೊಂಡ ಸ್ವರಾಜ್ ಟ್ರಾಕ್ಟರು 1974ರಲ್ಲಿ ಪಂಜಾಬಿನಿಂದ ಮಾರುಕಟ್ಟೆಗೆ ಬಂದಾಗ ಅದರ ಬಲವೂ 25 ಅಶ್ವಶಕ್ತಿಯ ಆಸುಪಾಸಿನದೇ ಆಗಿದ್ದಿತು. 2015–16ರ ಕೃಷಿ ಗಣತಿಯಂತೆ ಭಾರತದ ಸರಾಸರಿ ಹಿಡುವಳಿಯು 1.08 ಹೆಕ್ಟೇರು ಮಾತ್ರ. ಹೀಗಿದ್ದೂ ನೆರೆಯವನಿಗಿಂತ ದೊಡ್ಡ ಟ್ರಾಕ್ಟರು ತನ್ನ ಅಂಗಳದಲ್ಲಿ ನಿಲ್ಲಬೇಕೆಂದು ಸಾಲಮಾಡುವವರನ್ನು ಕಂಡಾಗ ಮನಸ್ಸು ನೋಯುತ್ತದೆ. ಟ್ರಾಕ್ಟರು ಕೊಳ್ಳಹೊರಟ ರೈತಬಾಂಧವರು ಅಂಗಡಿಗೆ ಹೋಗುವ ಮೊದಲು ತೋಟದ ಸಾಲುಗಳ ಅಂತರವನ್ನೂ, ಬದುವಿನ ಬಳಿ ತಿರುಗಲು ಇರುವ ಸ್ಥಳವನ್ನೂ ಅಳೆದು, ಎಳೆಯಬೇಕಾದ ನೇಗಿಲು, ರೋಟವೇಟರುಗಳಾವುವೆಂದು ನಿಶ್ಚಯಿಸಿಕೊಳ್ಳಲಿ. ಅಶ್ವಶಕ್ತಿಯನ್ನು ಆಮೇಲೆ ವಿಚಾರಿಸಲಿ.