ಚಿಟಿಕೆ ಉಪ್ಪು, ಹಿಡಿ ಬೆಲ್ಲ

ಬಡವರ ಮನೆಯ ಮಗು ವಾಂತಿಭೇದಿಯಿಂದ ತೀರಿಕೊಂಡರೆ ನಮ್ಮ ಸಮಾಜ ಬಹು ಬೇಗ ಒಂದು ತೀರ್ಪು ಕೊಟ್ಟುಬಿಡುತ್ತದೆ: ತಾಯಿಗೆ ತಿಳಿವಳಿಕೆ ಇರಲಿಲ್ಲ. ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಇನ್ನಷ್ಟು ಹೋಗುತ್ತದೆ, ಹಲ್ಲು ಹುಟ್ಟುವಾಗ ಹೀಗಾಗುವುದು ಸಹಜ, ತಾಯಿ ಉಷ್ಣದ ಪದಾರ್ಥ ತಿಂದು ಹಾಲು ಕೆಟ್ಟಿದೆ, ಯಾರದೋ ನಜರ್ ತಗುಲಿದೆ. ಇಂಥ ಮಾತುಗಳನ್ನು ಕನ್ನಡದ ಮನೆಗಳಲ್ಲೂ ದಖನಿ ಆಡುವ ಮನೆಗಳಲ್ಲೂ ನಾವೆಲ್ಲ ಕೇಳುತ್ತಲೇ ಬೆಳೆದಿದ್ದೇವೆ. ಇವುಗಳಿಂದ ಮಕ್ಕಳಿಗೆ ಹಾನಿಯಾಗಿದೆ ಎಂಬುದೂ ನಿಜ. ಭೇದಿಯಲ್ಲಿ ಮಗು ಸಾಯುವುದು ಹೆಚ್ಚಾಗಿ ಮೈಯ ನೀರು ಮತ್ತು ಉಪ್ಪು ಬರಿದಾಗಿ. ನೀರು, ಅನ್ನ, ಎದೆಹಾಲು ನಿಲ್ಲಿಸಿದರೆ ಆ ಸಾವು ಇನ್ನಷ್ಟು ಹತ್ತಿರವಾಗುತ್ತದೆ. ಬದುಕುಳಿದ ಮಗುವೂ ಸೊರಗಿ, ಮುಂದಿನ ಕಾಯಿಲೆಗೆ ಸುಲಭದ ತುತ್ತಾಗುತ್ತದೆ.

ಆದರೆ ಈ ನಂಬಿಕೆ ಬಡ ತಾಯಿಯೊಬ್ಬಳದೇ ಆಗಿತ್ತೇ? ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರು ಕಾಲರಾ ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸದ ಭೇದಿಮದ್ದು ಕುಡಿಸುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಆಸ್ಪತ್ರೆಗಳಲ್ಲಿ ಭೇದಿಯಾದ ಮಗುವಿಗೆ ಕರುಳಿನ ವಿಶ್ರಾಂತಿಯ ಹೆಸರಿನಲ್ಲಿ ಉಪವಾಸ ಹಾಕುವುದೇ ಪದ್ಧತಿಯಾಗಿತ್ತು. ಇಂದು ನಾವು ಮೂಢನಂಬಿಕೆ ಎಂದು ಕರೆಯುವುದು ನಿನ್ನೆಯ ವೈದ್ಯಶಾಸ್ತ್ರದ ಪಾಠವೂ ಆಗಿತ್ತು. ಶಾಸ್ತ್ರ ಮುಂದೆ ಹೋಯಿತು. ಹಾಗೆ ಹೋಗುವಾಗ ಗುಡಿಸಲಿನ ತಾಯಿಗೆ ಅದನ್ನು ಯಾರು, ಹೇಗೆ ತಿಳಿಸಿದರು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ನೆರೆಯ ಬಾಂಗ್ಲಾದೇಶದ ಇತಿಹಾಸದಲ್ಲಿ ಇದಕ್ಕೊಂದು ಉತ್ತರವಿದೆ.

1953ರಲ್ಲಿ ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ, ಸೌಮ್ಯ ರೂಪದ ಕಾಲರಾ ಇದ್ದ 186 ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಬಾಯಿಯ ಮೂಲಕವೇ ಕೊಟ್ಟು ಗುಣಪಡಿಸಿದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಅಂದಿನ ವೈದ್ಯಲೋಕ ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್, ರೋಗಿಯಿಂದ ಹೊರಹೋದಷ್ಟನ್ನೂ ಅಳೆದು ಅದಕ್ಕೆ ತಕ್ಕಂತೆ ಈ ದ್ರಾವಣ ಕುಡಿಸಿದರೆ ನರಕ್ಕೆ ಏರಿಸುವ ಸಲೈನಿನ ಅಗತ್ಯ ಶೇ. 80ರಷ್ಟು ತಗ್ಗುತ್ತದೆಂದು ತೋರಿಸಿದರು. ಇದರ ಗುಟ್ಟು ಸರಳ. ಕಾಲರಾದಲ್ಲಿ ಕರುಳು ನೀರನ್ನು ಹೊರಗೆ ಸುರಿಯುತ್ತಿದ್ದರೂ, ಗ್ಲೂಕೋಸಿನ ಜೊತೆಯಲ್ಲಿ ಬಂದ ಉಪ್ಪನ್ನು ಒಳಗೆ ಸೆಳೆದುಕೊಳ್ಳುವ ದಾರಿ ತೆರೆದೇ ಇರುತ್ತದೆ. ಉಪ್ಪಿನ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ.

1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಗಡಿಯ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿ ಸಾಲದು, ಅದನ್ನು ಏರಿಸಬಲ್ಲ ಕೈಗಳೂ ಸಾಲವು. ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಆಗ ಅಡಿಗೆಯ ಉಪ್ಪು, ಅಡಿಗೆ ಸೋಡಾ ಮತ್ತು ಗ್ಲೂಕೋಸನ್ನು ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. ಅಕ್ಷರ ಬಾರದ ತಾಯಂದಿರು, ಮಕ್ಕಳನ್ನು ಹೂತು ಬಂದಿದ್ದ ತಂದೆಯರು ಲೋಟ ಹಿಡಿದು ಮಾಡಿದ ಚಿಕಿತ್ಸೆ ಅದು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಸರ್ಕಾರ ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಿತು.

ಶಿಬಿರದಲ್ಲಿ ಗೆದ್ದದ್ದನ್ನು ಹಳ್ಳಿಯ ಮನೆಮನೆಗೆ ಒಯ್ಯುವುದು ಬೇರೆಯದೇ ಕೆಲಸ. ಫಜ್ಲೆ ಹಸನ್ ಅಬೆದ್ 1972ರಲ್ಲಿ ಕಟ್ಟಿದ ಬ್ರ್ಯಾಕ್ ಸಂಸ್ಥೆ 1980ರಲ್ಲಿ ಆ ಕೆಲಸಕ್ಕೆ ಕೈಹಾಕಿತು. ಪೊಟ್ಟಣ ಹಂಚುವಷ್ಟು ಹಣವಾಗಲಿ, ದೂರದ ಹಳ್ಳಿಗಳಿಗೆ ತಲುಪಿಸುವ ಏರ್ಪಾಡಾಗಲಿ ಆಗ ಆ ದೇಶಕ್ಕೆ ಇರಲಿಲ್ಲ. ಹೀಗಾಗಿ ಪ್ರತಿ ಮನೆಯಲ್ಲೂ ಸಿಗುವ ವಸ್ತುವನ್ನೇ ಹಿಡಿದರು: ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಬೆಲ್ಲದಲ್ಲಿ ಮೈಗೆ ಬೇಕಾದ ಪೊಟ್ಯಾಸಿಯಮ್ ಕೂಡ ಇತ್ತು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಅದಕ್ಕಾಗಿ ತಾಯಿ ತನ್ನದೇ ಪಾತ್ರೆಯಲ್ಲಿ, ತನ್ನದೇ ಬೆರಳಿನಿಂದ, ಕಾರ್ಯಕರ್ತೆಯ ಎದುರು ಕಲಸಿ ತೋರಿಸಬೇಕಿತ್ತು. ಕೆಲವು ವಾರ ಬಿಟ್ಟು ಬೇರೊಬ್ಬರು ಬಂದು ಆಯ್ದ ತಾಯಂದಿರನ್ನು ಕೇಳುತ್ತಿದ್ದರು. ತಾಯಿ ಎಷ್ಟು ನೆನಪಿಟ್ಟಿದ್ದಾಳೆ ಎಂಬುದರ ಮೇಲೆ ಕಲಿಸಿದವಳ ಸಂಬಳ ನಿಂತಿತ್ತು. ಪಾಠ ತಲೆಗೆ ಹತ್ತದಿದ್ದರೆ ಅದು ಕಲಿಸಿದವರ ಹೊಣೆ ಎಂಬ ಲೆಕ್ಕ ಇದು. ಬಡವರಿಗೆ ಪಾಠ ಹೇಳುವವರು ಈ ಲೆಕ್ಕಕ್ಕೆ ಒಪ್ಪುವುದು ಅಪರೂಪ.

ಆದರೂ ಒಂದು ವಿಚಿತ್ರ ಎದುರಾಯಿತು. ತಾಯಂದಿರು ತಪ್ಪಿಲ್ಲದೆ ದ್ರಾವಣ ಮಾಡುತ್ತಿದ್ದರು, ಮಗುವಿಗೆ ಭೇದಿಯಾದಾಗ ಮಾತ್ರ ಕೊಡುತ್ತಿರಲಿಲ್ಲ. ಹೆಂಗಸರಿಗೆ ಹೇಳಿ ಪ್ರಯೋಜನವಿಲ್ಲ ಎಂದು ಕೈತೊಳೆದುಕೊಳ್ಳಲು ಇಷ್ಟು ಸಾಕಿತ್ತು. ಅವರು ಹಾಗೆ ಮಾಡಲಿಲ್ಲ, ಕಾರಣ ಹುಡುಕಿದರು. ಮೊದಲು ಸಿಕ್ಕಿದ್ದು ತಮ್ಮವರದೇ ಕೊರತೆ. ಊರೂರು ತಿರುಗಿ ಬೋಧಿಸುತ್ತಿದ್ದ ಕಾರ್ಯಕರ್ತರು ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಿದ್ದರು. ತಮಗೇ ನಂಬಿಕೆಯಿಲ್ಲದ ಮಾತು ಎದುರಿನವರಿಗೆ ತಾಗುವುದು ಹೇಗೆ? ಅವರನ್ನು ಢಾಕಾದ ಪ್ರಯೋಗಾಲಯಕ್ಕೆ ಕರೆದೊಯ್ದು ದ್ರಾವಣ ಕೆಲಸ ಮಾಡುವ ಬಗೆಯನ್ನು ತೋರಿಸಲಾಯಿತು. ಎರಡನೆಯದು ಗಂಡಸರದು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಮುಂದೆ ಸಂತೆ, ಶಾಲೆ, ಮಸೀದಿಗಳಲ್ಲಿ ಗಂಡಸರನ್ನು ಕೂರಿಸಿಕೊಂಡು ವಿವರಿಸುವ ಕೆಲಸ ನಡೆಯಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಅದು ಭಾಷೆಯ ಸಮಸ್ಯೆ. ಪುಸ್ತಕದಲ್ಲಿ ಒಂದೇ ಆಗಿದ್ದ ಕಾಯಿಲೆ ತಾಯಂದಿರ ಬಾಯಲ್ಲಿ ನಾಲ್ಕಾಗಿತ್ತು. ಎದೆಹಾಲು ಕುಡಿಯುವ ಕೂಸಿನದು 'ದೂದ್ ಹಾಗಾ', ತಿಂದದ್ದು ಅರಗದೆ ಆದದ್ದು 'ಅಜೀರ್ಣ', ಆಮ ಬೀಳುವುದು 'ಆಮಾಶಾ'. ನೀರಿನಂತೆ ಸುರಿದು ಪ್ರಾಣಕ್ಕೆ ಕುತ್ತು ತರುವುದು ಮಾತ್ರ 'ಡಯೇರಿಯಾ'. ಕಾರ್ಯಕರ್ತೆ ಡಯೇರಿಯಾಕ್ಕೆ ಕೊಡು ಎಂದಿದ್ದಳು. ತಾಯಿ ಆ ಮಾತನ್ನು ಅಕ್ಷರಶಃ ಪಾಲಿಸಿ, ಉಳಿದ ಮೂರಕ್ಕೆ ಕೊಡದೆ ಬಿಟ್ಟಿದ್ದಳು! ಅವಳು ಮಾತು ಮೀರಿರಲಿಲ್ಲ, ಮಾತು ಅವಳ ಭಾಷೆಗೆ ಇಳಿದಿರಲಿಲ್ಲ. ಹೆಸರು ಹಿಡಿದು ಒಂದೊಂದಕ್ಕೂ ಬೇರೆಯಾಗಿ ಹೇಳತೊಡಗಿದ ಮೇಲೆ ಪಾಠದ ದಾರಿ ಸರಿಯಾಯಿತು.

1990ರ ಹೊತ್ತಿಗೆ ಈ ಪಾಠ 1.2 ಕೋಟಿ ಮನೆಗಳನ್ನು ಮುಟ್ಟಿತ್ತು. ಬಾಂಗ್ಲಾದೇಶದಲ್ಲಿ 1990ರಲ್ಲಿ ಸಾವಿರಕ್ಕೆ ಸುಮಾರು 144 ಮಕ್ಕಳು ಐದು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. 2015ಕ್ಕೆ ಆ ಸಂಖ್ಯೆ 38ಕ್ಕೆ ಇಳಿದಿತ್ತು. ಲಸಿಕೆ, ಹೆಣ್ಣುಮಕ್ಕಳ ಶಿಕ್ಷಣ ಮುಂತಾದವುಗಳ ಪಾಲೂ ಇದರಲ್ಲಿದೆ, ಎಲ್ಲ ಶ್ರೇಯಸ್ಸನ್ನು ಬೆಲ್ಲದ ನೀರಿಗೆ ಕಟ್ಟುವಂತಿಲ್ಲ. ಆದರೆ ತಾಯಿಯ ಕೈಗೆ ಚಿಕಿತ್ಸೆ ಕೊಡದೆ ಇದು ಆಗುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. 1980ರ ದಶಕದಲ್ಲಿ ಢಾಕಾದ ಪ್ರಯೋಗಾಲಯವೇ ಅಕ್ಕಿಯಿಂದ ಮಾಡಿದ ದ್ರಾವಣವನ್ನು ಪರೀಕ್ಷಿಸಿ, ಕಾಲರಾಕ್ಕೆ ಅದು ಚೆನ್ನಾಗಿ ಒಗ್ಗುತ್ತದೆಂದು ಕಂಡಿತು. ಉಪ್ಪು ಹಾಕಿದ ಗಂಜಿ ತಿಳಿ ಕುಡಿಸುತ್ತಿದ್ದ ನಮ್ಮ ಅಜ್ಜಿಯರು, ನಾನಿಯರು ಪೂರ್ತಿ ತಪ್ಪಿರಲಿಲ್ಲ.

ಈಗ ನಮ್ಮ ನಾಡಿಗೆ ಬರೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಭೇದಿಯಾದ ಐದು ವರ್ಷದೊಳಗಿನ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ. 61ರಷ್ಟು ಮಕ್ಕಳಿಗೆ. ಉಳಿದವರಿಗೆ ಏಕೆ ಸಿಗಲಿಲ್ಲ? ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳ 2,282 ಖಾಸಗಿ ಚಿಕಿತ್ಸಕರ ಮೇಲೆ ನಡೆದ ಒಂದು ಅಧ್ಯಯನ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ವರ್ಷದ ಮಗುವಿಗೆ ಭೇದಿ ಎಂದು ಹೇಳಿಕೊಂಡು ತಂದೆಯಂತೆ ನಟಿಸುವವರನ್ನು ಅವರ ಬಳಿಗೆ ಕಳಿಸಲಾಗಿತ್ತು. ಓಆರ್‌ಎಸ್ ಬರೆಯದಿರುವುದಕ್ಕೆ ದಾಸ್ತಾನಿನ ಕೊರತೆಯೂ ಲಾಭದ ಆಸೆಯೂ ತಲಾ ಐದಾರು ಶೇಕಡಾದಷ್ಟೇ ಕಾರಣ. ಶೇ. 42ರಷ್ಟಕ್ಕೆ ಕಾರಣ ಚಿಕಿತ್ಸಕರ ಒಂದು ಊಹೆ: ಇವರಿಗೆ ಓಆರ್‌ಎಸ್ ಬೇಡ, ಬೇರೆ ಮದ್ದೇ ಬೇಕು. ಬಂದವರು ತಾವಾಗಿ ಓಆರ್‌ಎಸ್ ಕೇಳಿದಾಗ ಅದನ್ನು ಬರೆದುಕೊಡುವುದು ಎದ್ದು ಕಾಣುವಷ್ಟು ಹೆಚ್ಚಿತು.

ಅಂದರೆ ಬಡ ತಂದೆತಾಯಿಯ ನಂಬಿಕೆಯಷ್ಟೇ ಅಲ್ಲ, ಅವರ ನಂಬಿಕೆಯ ಬಗ್ಗೆ ಓದಿದವರು ಇಟ್ಟುಕೊಂಡ ನಂಬಿಕೆಯೂ ಮಗುವಿನ ಜೀವಕ್ಕೆ ಎರವಾಗುತ್ತದೆ. 1982ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 46 ಲಕ್ಷ ಎಳೆಯ ಮಕ್ಕಳು ಭೇದಿಗೆ ಬಲಿಯಾಗುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕ 4.4 ಲಕ್ಷದ ಆಸುಪಾಸಿನದು. ಇಷ್ಟು ದೂರ ಬಂದಿದ್ದೇವೆ. ಉಳಿದಿರುವ ಆ ಮಕ್ಕಳಿಗಾಗಿ ನಮ್ಮ ಅಂಗನವಾಡಿಗಳಲ್ಲಿ, ದವಾಖಾನೆಗಳಲ್ಲಿ, ಮೊಹಲ್ಲಾಗಳಲ್ಲಿ ಉಪದೇಶಕ್ಕೆ ಮೊದಲು ಒಂದು ಪ್ರಶ್ನೆ ಕೇಳಬೇಕಾಗಿದೆ: ಅಮ್ಮಾ, ನಿಮ್ಮ ಮಗುವಿಗೆ ಬಂದಿರುವುದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ?