ನೋವಿಲ್ಲದ ಕಾಯಿಲೆಯ ಚರಿತ್ರೆ

ನೋವೇ ಕಾಯಿಲೆಯ ಗುರುತು ಎಂದು ನಾವು ನಂಬಿದ್ದೇವೆ. ಹೃದಯದ ವಿಷಯದಲ್ಲಿ ಈ ನಂಬಿಕೆ ಅರ್ಧ ಮಾತ್ರ ನಿಜ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಅವರು, ಏರು ಹತ್ತುವಾಗ ಎದೆಯನ್ನು ಬಿಗಿದು, ನಿಂತೊಡನೆ ಮಾಯವಾಗುವ ನೋವೊಂದನ್ನು ವಿವರಿಸಿ, ಅದನ್ನು ‘ಆಂಜೈನಾ’ ಎಂದು ಕರೆದರು. ಆ ರೋಗವನ್ನು ಗುರುತಿಸಲು ರೋಗಿಯ ಮಾತನ್ನು ಗಮನವಿಟ್ಟು ಕೇಳಿದರೆ ಸಾಕಿತ್ತು. ರಕ್ತದೊತ್ತಡ ಹಾಗಲ್ಲ. ಅದು ಏರಿದಾಗ ರೋಗಿಗೆ ಸಾಮಾನ್ಯವಾಗಿ ಏನೂ ಅನ್ನಿಸುವುದಿಲ್ಲ. ವೈದ್ಯರಾದರೂ ನಾಡಿಯ ಬಿಗುವಿನಿಂದ ಊಹಿಸಬೇಕಿತ್ತು.

ಊಹೆ ಅಳತೆಯಾಗಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಅವರು ಕುದುರೆಯೊಂದರ ಅಪಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತ ಎಂಟು ಅಡಿಗೂ ಮಿಕ್ಕಿ ಮೇಲೇರಿತು. ಈ ಪ್ರಯೋಗದ ವರದಿ ಪ್ರಕಟವಾದದ್ದು 1733ರಲ್ಲಿ. ಮನುಷ್ಯರಿಗೆ ಗಾಯ ಮಾಡದೆ ಅಳೆಯಲು ಸುಲಭವಾದ ತೋಳುಪಟ್ಟಿಯನ್ನು ಇಟಲಿಯ ರಿವಾ-ರೋಚಿ ಅವರು ರೂಪಿಸಿದ್ದು 1896ರಲ್ಲಿ. ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸುವ ಕ್ರಮವನ್ನು ರಷ್ಯಾದ ಕೊರೊಟ್ಕೋವ್ ಅವರು 1905ರಲ್ಲಿ ಸೇರಿಸಿದರು. ಮೇಲಿನ ಅಂಕಿ, ಕೆಳಗಿನ ಅಂಕಿ ಎಂದು ನಾವಿಂದು ಹೇಳುವ ಎರಡೂ ಹೀಗೆ ದೊರೆತವು.

ಅಂಕಿ ದೊರೆತರೂ ಅರ್ಥ ದೊರೆಯಲಿಲ್ಲ. ಗಡುಸಾದ ನಾಳಗಳ ಮೂಲಕ ರಕ್ತವನ್ನು ನೂಕಲು ಒತ್ತಡ ಏರಲೇಬೇಕು, ಅದನ್ನು ಇಳಿಸುವುದೇ ಅಪಾಯ ಎಂದು ಹಲವು ಹಿರಿಯ ವೈದ್ಯರು ತಿಳಿದಿದ್ದರು. ‘ಎಸೆನ್ಷಿಯಲ್’, ಅಂದರೆ ‘ಅವಶ್ಯವಾದ’, ಎಂಬ ವಿಶೇಷಣ ಈ ಕಾಯಿಲೆಗೆ ಅಂಟಿಕೊಂಡಿರುವುದರ ಹಿಂದೆ ಆ ತಿಳಿವಳಿಕೆಯ ನೆರಳಿದೆ.

ಇದಕ್ಕೆ ತೆತ್ತ ಬೆಲೆಯನ್ನು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ದಾಖಲೆಗಳು ತೋರಿಸುತ್ತವೆ. 1935ರಲ್ಲಿ ಅವರ ರಕ್ತದೊತ್ತಡ 136/78, 1937ರಲ್ಲಿ 162/98, 1941ರಲ್ಲಿ 188/105. ಅವರ ಖಾಸಗಿ ವೈದ್ಯರು ಕಿವಿ-ಮೂಗು-ಗಂಟಲಿನ ತಜ್ಞರು. ಅಧ್ಯಕ್ಷರ ಆರೋಗ್ಯ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆಯೆಂದೇ ಅವರು ಜನರಿಗೆ ಹೇಳುತ್ತ ಬಂದರು. 1944ರ ಮಾರ್ಚಿಯಲ್ಲಿ ಹೃದ್ರೋಗತಜ್ಞ ಹೊವರ್ಡ್ ಬ್ರೂಯೆನ್ ಅವರು ಪರೀಕ್ಷಿಸಿದಾಗ ಒತ್ತಡ 186/108 ಇತ್ತು. ಹೃದಯ ಹಿಗ್ಗಿತ್ತು, ಉಸಿರು ಸಾಲುತ್ತಿರಲಿಲ್ಲ, ಹೃದಯದ ಸೋಲು ಆರಂಭವಾಗಿತ್ತು. ಡಿಜಿಟಾಲಿಸ್, ವಿಶ್ರಾಂತಿ, ಉಪ್ಪು ಮತ್ತು ಸಿಗರೇಟಿನ ಕಡಿತ: ಆ ಕಾಲದ ವೈದ್ಯಶಾಸ್ತ್ರದ ಬತ್ತಳಿಕೆಯಲ್ಲಿ ಹೆಚ್ಚೇನೂ ಇರಲಿಲ್ಲ. ಅದೇ ವರ್ಷ ಅವರು ನಾಲ್ಕನೆಯ ಬಾರಿ ಚುನಾಯಿತರಾದರು. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗದಲ್ಲಿ ವಿಪರೀತ ನೋವೆಂದು ಹೇಳಿ ಕುಸಿದರು. ಆಗ ಒತ್ತಡ 300/190ನ್ನು ದಾಟಿತ್ತು. ಮಿದುಳಿನ ರಕ್ತಸ್ರಾವದಿಂದ, 63ನೆಯ ವಯಸ್ಸಿನಲ್ಲಿ, ಅಂದೇ ತೀರಿಕೊಂಡರು. ಈ ಪರೀಕ್ಷೆಗಳೆಲ್ಲ ಏಕೆಂದು ಅಧ್ಯಕ್ಷರು ಒಮ್ಮೆಯೂ ಕೇಳಲಿಲ್ಲವೆಂದು ಬ್ರೂಯೆನ್ 1970ರಲ್ಲಿ ಬರೆದರು. ಆ ಕೇಳದಿರುವಿಕೆ ನಮ್ಮ ಮನೆಗಳಿಗೂ ಅಪರಿಚಿತವಲ್ಲ.

ಮುಂದಿನ ಎರಡು ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡು ಖಂಡಗಳಲ್ಲಿ ನಡೆದವು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನಲ್ಲಿ 5,209 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ಏರಿದ ರಕ್ತದೊತ್ತಡ ಆಸರೆಯಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯುಗಳಿಗೆ ದಾರಿ ಎಂಬುದು ಅದರಿಂದ ಸ್ಪಷ್ಟವಾಯಿತು. ಇತ್ತ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು, ನಮ್ಮ ನಾಟಿ ವೈದ್ಯರಿಗೆ ಹಿಂದಿನಿಂದಲೂ ಪರಿಚಿತವಾದ ಸರ್ಪಗಂಧದ ಬೇರು ಒತ್ತಡವನ್ನು ಇಳಿಸುತ್ತದೆಂದು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಜಗತ್ತು ಸರ್ಪಗಂಧದತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಟ್ಟಿತು. 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನವೊಂದು, ತೀವ್ರ ಒತ್ತಡವನ್ನು ಔಷಧದಿಂದ ಇಳಿಸಿದರೆ ಅನಾಹುತಗಳು ತಗ್ಗುತ್ತವೆಂದು ಸಾಧಿಸಿ ತೋರಿಸಿತು. ಅಲ್ಲಿ ಬಳಸಿದ ಮೂರು ಔಷಧಗಳಲ್ಲಿ ರೆಸರ್ಪಿನ್ ಒಂದು. ಖಿನ್ನತೆಯಂಥ ಅಡ್ಡಪರಿಣಾಮಗಳ ಕಾರಣದಿಂದ ಅದರ ಬಳಕೆ ಇಂದು ವಿರಳ. ಆದ್ದರಿಂದ ಅದು ನಮ್ಮ ನೆಲದ ಬೇರೆಂಬ ಅಭಿಮಾನದಿಂದ ಮನೆಯಲ್ಲಿ ಕಷಾಯ ಮಾಡಿ ಕುಡಿಯುವುದು ಸಲ್ಲದು.

ಈ ಚರಿತ್ರೆಯಿಂದ ನಾವು ಪಡೆಯಬೇಕಾದ ತಿಳಿವು ಎರಡು ಬಗೆಯದು. ಮಾತಾಡುವ ರೋಗದ ಮಾತನ್ನು ಕೇಳಬೇಕು. ಎದೆಯ ನಡುವೆ ಭಾರ, ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ವಾಕರಿಕೆ ಕಂಡರೆ ‘ಗ್ಯಾಸ್’ ಎಂದು ಕಾಯದೆ ಆಸ್ಪತ್ರೆ ಸೇರಬೇಕು. ಮಧುಮೇಹಿಗಳಲ್ಲಿ ಮತ್ತು ಕೆಲವು ಹೆಂಗಸರಲ್ಲಿ ಎದೆನೋವಿಲ್ಲದೆ ಬರಿಯ ಏದುಸಿರು, ವಿಪರೀತ ಸುಸ್ತು ಕಾಣಿಸಿಕೊಳ್ಳಬಹುದು. ಬಾಯಿ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಸೂಚನೆಗಳು. ಅಲ್ಲಿ ಒಂದೊಂದು ನಿಮಿಷವೂ ಅಮೂಲ್ಯ. ಮಲಗಿದರೆ ಉಸಿರುಕಟ್ಟುವುದು, ಕಾಲು ಊದುವುದು ಹೃದಯ ಸೋಲುತ್ತಿರುವುದರ ಗುರುತಾಗಿರಬಹುದು.

ಮಾತಾಡದ ರೋಗವನ್ನು ಅಳೆದೇ ತಿಳಿಯಬೇಕು. ಮತ್ತೆ ಮತ್ತೆ ಅಳೆದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರನ್ನು ಕಾಣಬೇಕು; ಚೆನ್ನಾಗಿದ್ದೇವೆಂದು ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು. ಊರಿನಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಹೊರನಾಡಿನ ನಮಗೆ ತವರಿನ ರುಚಿ. ಅವುಗಳಲ್ಲಿರುವ ಉಪ್ಪಿನ ಲೆಕ್ಕವೂ ನಮಗಿರಲಿ.

ರೂಸ್‌ವೆಲ್ಟ್ ಅವರ ಬಳಿ ಅಂಕಿಗಳಿದ್ದವು. ಅವುಗಳನ್ನು ತಗ್ಗಿಸುವ ಔಷಧವಿರಲಿಲ್ಲ. ನಮಗಿಂದು ಎರಡೂ ಕೈಗೆಟಕುವಷ್ಟು ಹತ್ತಿರ ಇವೆ. ಉಳಿದಿರುವುದು, ಅವರು ಕೇಳದೆ ಬಿಟ್ಟ ಪ್ರಶ್ನೆಯನ್ನು ನಾವು ಕೇಳುವುದು.