ತುಕ್ಕು ತಿಂದ ತಗಡಿನ ಚರಿತ್ರೆ

ಗುಡೇಕೋಟೆ ಎಂದರೆ ಜನರಿಗೆ ನೆನಪಾಗುವುದು ಬಂಡೆಗಳ ಮೇಲಿನ ಪಾಳೇಗಾರರ ಕೋಟೆ, ಒನಕೆ ಓಬವ್ವನ ತವರೂರು ಎಂಬ ಮಾತು ಮತ್ತು ಕರಡಿಧಾಮ. ನಮಗೆ ಮಾತ್ರ ಬೇವಿನ ಮರದ ಕೆಳಗೆ, ಹಳೆಯ ಟೈರುಗಳ ಮೇಲೆ ಮಗ್ಗುಲಾಗಿ ಮಲಗಿದ್ದ ಒಂದು ಅಂಬಾಸಿಡರ್ ಕಾರು ನೆನಪಾಗುತ್ತದೆ.

ಮಂಗಳೂರಿನ ಕಡೆಯಿಂದ ಅಗ್ಗಕ್ಕೆ ಬಂದ ಸೆಕೆಂಡ್ ಹ್ಯಾಂಡ್ ಗಾಡಿ ಅದು. ಹೊಳೆಯುವ ಬಣ್ಣ, ಹೊಸ ಮ್ಯಾಟು. ಕೂಡ್ಲಿಗಿಗೆ ಹೊರಟ ದಿನ ಹಿಂದಿನ ಸೀಟಿನಲ್ಲಿದ್ದ ನಮ್ಮ ಖಾಲಾ ಕಾಲು ಗಟ್ಟಿಯಾಗಿ ಊರಿದರು. ಮ್ಯಾಟಿನ ಸಮೇತ ತಗಡು ಕುಸಿದು ಅವರ ಒಂದು ಚಪ್ಪಲಿ ರಸ್ತೆಗೆ ಬಿತ್ತು. ಕಾಲಿಗೆ ಏನೂ ಆಗಲಿಲ್ಲವೆಂಬುದೇ ದೊಡ್ಡದು. ಓಡಿಸಿಕೊಂಡು ಹೋಗುವ ಸ್ಥಿತಿಯಲ್ಲಿ ಗಾಡಿ ಇರಲಿಲ್ಲವಾದ್ದರಿಂದ ಟಿಂಕರಿಂಗ್ ಉಸ್ತಾದರೇ ಮನೆಗೆ ಬಂದರು. ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ಕುಟ್ಟಿ ನೋಡಿ, "ಇದು ತಗಡಲ್ಲ ಭಯ್ಯಾ, ಹಪ್ಪಳ ಆಗೈತೆ" ಎಂದರು.

ನಮಗೆ ಆಗ ಅಚ್ಚರಿಯಾದದ್ದು ಒಂದೇ. ಮಳೆಯ ಮುಖ ಕಾಣದ ಈ ಬಯಲುಸೀಮೆಯಲ್ಲಿ ಇಷ್ಟೊಂದು ತುಕ್ಕೆ? ತುಕ್ಕಿಗೆ ಬೇಕಾದದ್ದು ನೀರು ಮತ್ತು ಆಮ್ಲಜನಕ. ಉಪ್ಪು ಸೇರಿದರೆ ಅದರ ನಡಿಗೆ ಜೋರಾಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಹತ್ತಾರು ಮಳೆಗಾಲ ಕಳೆದ ಗಾಡಿ ನಮ್ಮೂರಿಗೆ ಬರುವಾಗ ತುಕ್ಕನ್ನೂ ಹೊತ್ತುಕೊಂಡೇ ಬಂದಿರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನು, ಮ್ಯಾಟಿನ ಅಡಿ ಇವೆಲ್ಲ ನೀರು ಕುಳಿತುಕೊಳ್ಳುವ ಜಾಗಗಳು. ಹೊರಗಿನ ಬಣ್ಣದ ಮೇಲೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗಿನಿಂದ ತಗಡು ಮುಗಿದುಹೋಗಿರುತ್ತದೆ.

ಈ ನೆಲಕ್ಕೆ ಕಬ್ಬಿಣ ಹೊಸದಲ್ಲ. ಕೂಡ್ಲಿಗಿಗೆ ಅಂಟಿಕೊಂಡ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ, ಬೃಹತ್ ಶಿಲಾ ಸಮಾಧಿಗಳಲ್ಲಿ ಸತ್ತವರ ಜೊತೆಗಿಟ್ಟಿದ್ದ ಕಬ್ಬಿಣದ ಉಪಕರಣಗಳು ಸಿಕ್ಕವು. ಟಿಪ್ಪು ಸುಲ್ತಾನರ ಪತನದ ಮರುವರ್ಷ, 1800ರಲ್ಲಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕುಲುಮೆಗಳ ಮುಂದೆ ನಿಂತು ಉಕ್ಕು ಮಾಡುವ ಕ್ರಮವನ್ನು ಬರೆದುಕೊಂಡ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರೆಲೆಯನ್ನೂ ಸೇರಿಸಿ, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಅದೇ ತಂಗಡಿ ಇಂದಿಗೂ ನಮ್ಮ ಹಾದಿಬದಿಯಲ್ಲಿ ಹಳದಿ ಹೂ ಬಿಡುತ್ತದೆ. ಹೊಸಪೇಟೆ ಪಕ್ಕದ ಕಮಲಾಪುರದ ಕಮ್ಮಾರರು ಕಬ್ಬಿನ ಹಾಲು ಕಾಯಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳಿಗೆ ಹೆಸರಾಗಿದ್ದರು. ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದ ಮೇಲೆ ಇಂಥ ಊರ ಕುಲುಮೆಗಳು ಒಂದೊಂದಾಗಿ ಆರಿದವು. ಅದಿರು ಕರಗಿಸುತ್ತಿದ್ದ ಸೀಮೆ ಬೇರೆಯವರ ತಗಡನ್ನು ರಿಪೇರಿ ಮಾಡುವ ಸೀಮೆಯಾಯಿತು.

ರಿಪೇರಿಯ ಬೆಂಕಿಯೂ ಹೊರಗಿನಿಂದಲೇ ಬಂದದ್ದು. 1892ರಲ್ಲಿ ಥಾಮಸ್ ವಿಲ್ಸನ್ ಎಂಬಾತ ವಿದ್ಯುತ್ ಕುಲುಮೆಯಲ್ಲಿ ಬೇರೇನನ್ನೋ ಮಾಡಲು ಹೋಗಿ ಕ್ಯಾಲ್ಸಿಯಂ ಕಾರ್ಬೈಡ್ ಪಡೆದ. ಆ ಬೂದುಗಲ್ಲಿಗೆ ನೀರು ಬಿದ್ದರೆ ಅಸಿಟಿಲಿನ್ ಅನಿಲ ಹುಟ್ಟುತ್ತದೆ. ಅದನ್ನು ಆಕ್ಸಿಜನ್ ಜೊತೆ ಉರಿಸಿದರೆ 3000 ಡಿಗ್ರಿ ದಾಟುವ ಜ್ವಾಲೆ. ಕಬ್ಬಿಣ ಕರಗಲು ಬೇಕಾದದ್ದು 1538 ಡಿಗ್ರಿ. 20ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನವರು ಈ ಜ್ವಾಲೆಯನ್ನು ಕೈಯಲ್ಲಿ ಹಿಡಿಯುವಂಥ ಟಾರ್ಚು ಮಾಡಿದರು. 1935ರಲ್ಲಿ ಕಲ್ಕತ್ತದಲ್ಲಿ ಇಂಡಿಯನ್ ಆಕ್ಸಿಜನ್ ಅಂಡ್ ಅಸಿಟಿಲಿನ್ ಕಂಪನಿ ಹುಟ್ಟಿತು. ಮುಂದೆ ಸಿಲಿಂಡರುಗಳು ಸಣ್ಣ ಊರುಗಳಿಗೂ ಬಂದವು. ಕಮ್ಮಾರನಿಗೆ ಕುಲುಮೆಯ ಬಳಿಗೆ ಕಬ್ಬಿಣವನ್ನು ಒಯ್ಯಬೇಕಿತ್ತು. ಈಗ ಬೆಂಕಿಯೇ ಕಬ್ಬಿಣ ಇದ್ದಲ್ಲಿಗೆ, ನಮ್ಮಂಥವರ ಅಂಗಳಕ್ಕೂ ಬಂತು.

ಅದನ್ನು ಹಿಡಿದವರು ಯಾರು? ನಮ್ಮ ಉಸ್ತಾದರ ತಂದೆ ಕಲಾಯಿ ಹಾಕುತ್ತಿದ್ದವರು. ಊರೂರು ತಿರುಗಿ, ನೆಲದಲ್ಲಿ ಕುಳಿ ತೋಡಿ, ತಿದಿ ಒತ್ತಿ, ನವಸಾಗರ ಉಜ್ಜಿ ತಾಮ್ರದ ಪಾತ್ರೆಗೆ ತವರ ಬಳಿಯುವ 'ಕಲಾಯಿ ಸಾಬರು'. ಮನೆಮನೆಗೆ ಸ್ಟೀಲ್ ಪಾತ್ರೆ ಬಂದು ಆ ಕೆಲಸ ಕೈಬಿಟ್ಟಾಗ ಮಗ ಲಾರಿ ಶೆಡ್ಡಿಗೆ ಸೇರಿದರು. ನವಸಾಗರದ ಜಾಗಕ್ಕೆ ಬಿಳಿಗಾರ ಬಂತು, ತವರದ ಜಾಗಕ್ಕೆ ಹಿತ್ತಾಳೆ ಕಡ್ಡಿ ಬಂತು. ಲೋಹವನ್ನು ಶುದ್ಧಮಾಡದೆ ಲೋಹ ಹಿಡಿಯದು ಎಂಬ ತಿಳಿವಳಿಕೆ ಮಾತ್ರ ಹಳೆಯದೇ. ಶೆಡ್ಡುಗಳಲ್ಲಿ ಕಮ್ಮಾರರ ಮಕ್ಕಳೂ ಇದ್ದರು, ಬಡಿಗರ ಮಕ್ಕಳೂ ಇದ್ದರು. ಕುರ್‌ಆನಿನಲ್ಲಿ ಹಜ್ರತ್ ದಾವೂದರಿಗೆ ಕಬ್ಬಿಣವನ್ನು ಮೃದುವಾಗಿಸಿ ಕೊಟ್ಟ ಮಾತಿದೆ. ಉಸ್ತಾದರು ಟಾರ್ಚು ಹೊತ್ತಿಸುವ ಮುನ್ನ ಅವರನ್ನು ನೆನೆಯುತ್ತಿದ್ದರು. ಪಕ್ಕದಲ್ಲಿ ಸುತ್ತಿಗೆ ಹಿಡಿದ ಹುಡುಗ ವೀರಭದ್ರನನ್ನು ನೆನೆಯುತ್ತಿದ್ದ. ತಗಡು ಇಬ್ಬರ ಮಾತನ್ನೂ ಕೇಳುತ್ತಿತ್ತು.

ಕಾರಿನ ಚರಿತ್ರೆಯೂ ಇದರೊಳಗೆ ಬರಬೇಕು. ಹಿಂದೂಸ್ತಾನ್ ಮೋಟಾರ್ಸ್ 1957ರ ಹೊತ್ತಿಗೆ ಅಂಬಾಸಿಡರ್ ತಯಾರಿಗಿಳಿಯಿತು. ಪರ್ಮಿಟ್ಟಿನ ಆ ಕಾಲದಲ್ಲಿ ಹೊಸ ಕಾರು ಬೇಕೆಂದವರು ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಇದ್ದ ಕಾರನ್ನು ಸಾಯಲು ಬಿಡುವಂತಿರಲಿಲ್ಲ. ಜೀಪಿಗೆ ಬೇರೆಯೇ ಛಾಸಿ ಇರುವುದರಿಂದ ಅದರ ನೆಲದ ತಗಡು ಉದುರಿದರೂ ಗಾಡಿ ನಿಲ್ಲುತ್ತದೆ. ಅಂಬಾಸಿಡರಿನಲ್ಲಿ ಹಾಗಲ್ಲ. ಅದರ ಮೈಯೇ ಅದರ ಎಲುಬು. ನೆಲ, ಬಾಗಿಲ ಕೆಳಗಿನ ಪಟ್ಟಿ ಎಲ್ಲವೂ ಭಾರ ಹೊರುವ ಭಾಗಗಳೇ. ಅಲ್ಲಿ ತುಕ್ಕು ಹಿಡಿಯಿತೆಂದರೆ ಅದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಉಸ್ತಾದರ ಕೆಲಸವನ್ನು ನಾವು ನಾಲ್ಕು ದಿನ ಕುಳಿತು ನೋಡಿದೆವು. ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು, ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಟ್ಟರು, ಸೀಟು ಮ್ಯಾಟು ಹೊರಗೆ ಹಾಕಿದರು. ಎರಡು ಬಕೆಟ್ ನೀರು ಪಕ್ಕದಲ್ಲೇ ಇತ್ತು. ಆಮೇಲೆ ಕತ್ತರಿಸುವ ಕೆಲಸ. ಅಂಗೈಯಗಲದ ತೂತಿಗೆ ಅವರು ಮೊಳದಗಲ ತಗಡು ಕತ್ತರಿಸಿದಾಗ ನಮಗೆ ಎದೆ ಧಸಕ್ಕೆಂದಿತು. "ಬಿಳೀ ಲೋಹ ಕಾಣೋ ತನಕ ಕತ್ತರಿಸ್ಬೇಕು ಭಯ್ಯಾ. ಸತ್ತ ತಗಡಿಗೆ ಬೆಸುಗೆ ಹಿಡಿಯಲ್ಲ" ಎಂದರು. ರಟ್ಟಿನಲ್ಲಿ ಅಳತೆ ತೆಗೆದು, ಒಂದು ಮಿಲಿಮೀಟರಿಗಿಂತ ತುಸು ತೆಳ್ಳಗಿನ 20 ಗೇಜ್ ತಗಡನ್ನು ಕತ್ತರಿಸಿ, ಮರಳಿನ ಚೀಲದ ಮೇಲೆ ಬಡಿದು ಕಾರಿನ ಮೈಗೆ ಒಗ್ಗಿಸಿದರು.

ಬೆಸುಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದುಕೊಂಡು ಹೋಗಲಿಲ್ಲ. ಹಾಗೆ ಮಾಡಿದರೆ ಬಿಸಿಗೆ ತೆಳು ತಗಡು ಹಿಗ್ಗಿ ಸೊಟ್ಟಗಾಗುತ್ತದೆ. ಈ ಮೂಲೆಗೆ ಒಂದು ಚುಕ್ಕೆ, ಎದುರಿನ ಮೂಲೆಗೆ ಒಂದು ಚುಕ್ಕೆ, ನಡುವೆ ಒಂದು, ಮಧ್ಯೆ ಮಧ್ಯೆ ಒದ್ದೆ ಬಟ್ಟೆ. ಚುಕ್ಕೆಗಳು ಕೂಡಿ ಕೂಡಿ ಕೊನೆಗೆ ಗೆರೆಯಾಯಿತು. ಹುಡುಗನೊಬ್ಬ ಸತುವಿನ ಲೇಪದ ತಗಡು ತಂದಾಗ ಅದನ್ನು ಹಿಂದಕ್ಕೆ ಕಳಿಸಿದರು. ಸತು ಸುಟ್ಟರೆ ಬರುವ ಬಿಳಿಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಸರಿಹೋಗುತ್ತದೆಂಬ ನಂಬಿಕೆ ಶೆಡ್ಡುಗಳಲ್ಲಿದೆ. ಆದರೆ ಹೊಗೆಯಿಂದ ದೂರ ಇರುವುದೇ ಅದಕ್ಕೆ ಮದ್ದು. ಕೊನೆಗೆ ಹೊರಗೂ ಒಳಗೂ ಕೆಂಪು ಆಕ್ಸೈಡ್ ಬಣ್ಣ, ಕೈ ಹೋಗದ ಪೊಳ್ಳುಗಳಿಗೆ ಹಳೆಯ ಎಂಜಿನ್ ಆಯಿಲ್. ನೀರು ಇಳಿದುಹೋಗುವ ಸಣ್ಣ ತೂತುಗಳನ್ನು ಮಾತ್ರ ಅವರು ಮುಚ್ಚಲಿಲ್ಲ.

ನಮಗೆ ಕಾರು ಮಾರಿದವರಿಗೂ ಯಾರೋ ಒಬ್ಬರು ಕೆಲಸ ಮಾಡಿಕೊಟ್ಟಿದ್ದರಲ್ಲ! ತುಕ್ಕಿನ ಮೇಲೆ ಡಾಂಬರು ಬಳಿದು, ತೂತಿಗೆ ಗೋಣಿಬಟ್ಟೆ ತುರುಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರು. ಒಂದು ದಿನದ ಕೆಲಸ, ಕಡಿಮೆ ಕಾಸು. ಎರಡೂ ಕೆಲಸ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಗಿರಾಕಿಗೆ ವ್ಯತ್ಯಾಸ ತಿಳಿಯುವುದು ಕಾಲು ಊರಿದಾಗ. ಆದ್ದರಿಂದಲೇ ಇರಬೇಕು, ಉಸ್ತಾದರು ಕತ್ತರಿಸಿ ತೆಗೆದ ತಗಡನ್ನೆಲ್ಲ ಒಂದು ಚೀಲಕ್ಕೆ ತುಂಬಿ ಗಿರಾಕಿಯ ಕೈಗೇ ಕೊಡುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಮಧ್ಯಮವರ್ಗದ ಕಾರಾಯಿತು. ಸಂಡೂರು-ಹೊಸಪೇಟೆಯ ಅದಿರಿನ ಭರಾಟೆಯ ವರ್ಷಗಳಲ್ಲಿ ಟಿಂಕರ್‌ಗಳಿಗೆ ಲಾರಿಗಳ ಕೆಲಸವೇ ಕೆಲಸ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತವು. ಲಾರಿಯನ್ನು ನಂಬಿದ್ದ ಶೆಡ್ಡುಗಳೂ ಬಡವಾದವು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿ ತಂದಿತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಹೊಗೆ ಉಗುಳುವ, ನೆಲ ಕುಸಿದ ಗಾಡಿಗಳು ರಸ್ತೆಯಲ್ಲಿರಬಾರದೆಂಬುದನ್ನು ನಾವೂ ಒಪ್ಪುತ್ತೇವೆ. ಆ ಚಪ್ಪಲಿ ಬಿದ್ದದ್ದನ್ನು ಕಂಡವರು ಒಪ್ಪದಿರುವುದು ಹೇಗೆ? ಆದರೆ ವಯಸ್ಸಷ್ಟೇ ಅಳತೆಯಾದರೆ, ಬಿಳಿ ಲೋಹದ ತನಕ ಕತ್ತರಿಸಿದವನಿಗೂ ಪುಟ್ಟಿ ಮೆತ್ತಿದವನಿಗೂ ಅಂತರವೇ ಉಳಿಯುವುದಿಲ್ಲ. ಗಾಡಿಯ ಅಡಿಗೆ ಬಗ್ಗಿ, ಕುಟ್ಟಿ ನೋಡಿ ಹೇಳುವ ಕಣ್ಣು ಬೇಕು. ಆ ಕಣ್ಣು ಇರುವುದು ಇಂಥ ಉಸ್ತಾದರಿಗೆ.

ಉಸ್ತಾದರ ಮಗ ಬೆಂಗಳೂರಿನ ಗ್ಯಾರೇಜೊಂದರಲ್ಲಿದ್ದಾನೆ. ಅಲ್ಲಿ ಬಾಗಿಲು ಕೆಟ್ಟರೆ ಬಾಗಿಲನ್ನೇ ಬದಲಿಸುತ್ತಾರೆ, ವಿಮೆಯವರು ಹಣ ಕೊಡುತ್ತಾರೆ. ರಟ್ಟಿನಲ್ಲಿ ಅಳತೆ ತೆಗೆಯುವುದು ಅವನಿಗೆ ಗೊತ್ತು, ಕೇಳುವವರಿಲ್ಲ. ಪಾಳೇಗಾರರ ಹೆಸರುಗಳು ಶಾಸನಗಳಲ್ಲಿವೆ, ಕುಲುಮೆಯವರ ಸುದ್ದಿ ಬುಕಾನನ್‌ನ ದಿನಚರಿಯಲ್ಲಿದೆ. ಬೇವಿನ ಮರದ ಕೆಳಗೆ ಬೆನ್ನು ನೆಲಕ್ಕೆ ಹಚ್ಚಿ, ಕಿಡಿಗಳನ್ನು ಮೈಮೇಲೆ ಬೀಳಿಸಿಕೊಂಡವರ ಬಗ್ಗೆ ಯಾರೂ ಬರೆದುಕೊಳ್ಳಲಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ಆ ಚೀಲ ಈಗಲೂ ಇದೆ. ಒಳಗಿನ ತುಕ್ಕು ಪುಡಿಯಾಗಿದೆ. ಖಾಲಾ ಮಾತ್ರ ಆ ಕಾರಿನಲ್ಲಿ ಮುಂದೆ ಹನ್ನೊಂದು ವರ್ಷ ಕಾಲೂರಿ ಕೂತು ಓಡಾಡಿದರು.